ಬೆಣಚುಕಲ್ಲಿನ ಶ್ರುತಿ: ಆವರ್ತಾಂಕದ ಮಾನಕವಾಗಿ ಕ್ವಾರ್ಟ್ಸ್ ಸ್ಫಟಿಕ

(ಚೆನ್ನೈನ ಪೆರುಂಗುಡಿಯಲ್ಲಿ ಕನ್ನಡ ಬಾಂಧವರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಕರ್ನಾಟಕದ ಬಯಲುಸೀಮೆಯಲ್ಲಿ ಬೆಳೆದವರಿಗೆ ಬೆಣಚುಕಲ್ಲು ಅಪರಿಚಿತವಲ್ಲ. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬಿದ್ದಿರುವ ಈ ಬಿಳಿಯ ಕಲ್ಲುಗಳೆರಡನ್ನು ಆಯ್ದುಕೊಂಡು, ಕತ್ತಲೆಯಲ್ಲಿ ಒಂದಕ್ಕೊಂದು ಉಜ್ಜಿ, ಹೊಮ್ಮುವ ಮಿಂಚನ್ನು ಕಂಡು ಬೆರಗಾಗದ ಮಕ್ಕಳು ವಿರಳ. ಸಿಲಿಕಾನ್ ಮತ್ತು ಆಮ್ಲಜನಕಗಳಿಂದಾದ ಈ ಖನಿಜವೇ ಕ್ವಾರ್ಟ್ಸ್. ಅದರ ಶುದ್ಧವೂ ಪಾರದರ್ಶಕವೂ ಆದ ರೂಪವನ್ನು ನಮ್ಮ ಪೂರ್ವಿಕರು ಸ್ಫಟಿಕವೆಂದು ಕರೆದು ಜಪಮಾಲೆಗೂ ಲಿಂಗಕ್ಕೂ ಬಳಸಿದರು. ಇಪ್ಪತ್ತನೆಯ ಶತಮಾನದ ವಿಜ್ಞಾನವು ಇದೇ ಕಲ್ಲನ್ನು ತೆಳುವಾದ ಬಿಲ್ಲೆಯಾಗಿ ಕೊಯ್ದು, ಕಾಲವನ್ನೂ ರೇಡಿಯೊ ತರಂಗಗಳನ್ನೂ ಅಳೆಯುವ ಮಾನಕವನ್ನಾಗಿ ಮಾಡಿತು.

ಒಂದು ಕಾಲಕ್ಕೆ ಪಳ್ಳಿಕರಣೆಯ ಜೌಗುಭೂಮಿಯ ಅಂಚಿನ ಗ್ರಾಮವಾಗಿದ್ದ ಪೆರುಂಗುಡಿ 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿತು. ಇಂದು ಇಲ್ಲಿನ ಹಳೆಯ ಮಹಾಬಲಿಪುರಂ ರಸ್ತೆಯ ಉದ್ದಕ್ಕೂ ಗಣಕಯಂತ್ರಗಳನ್ನು ಆಧರಿಸಿದ ಕಚೇರಿಗಳು ಎದ್ದು ನಿಂತಿವೆ. ಈ ಕಚೇರಿಗಳ ಯಂತ್ರಗಳಲ್ಲಿ, ಅಲ್ಲಿ ದುಡಿಯುವವರ ಜೇಬಿನ ದೂರವಾಣಿಗಳಲ್ಲಿ, ಗೋಡೆಯ ಗಡಿಯಾರಗಳಲ್ಲಿ ಅಕ್ಕಿಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಕ್ವಾರ್ಟ್ಸ್ ಚೂರೊಂದು ಎಡೆಬಿಡದೆ ಕಂಪಿಸುತ್ತಿರುತ್ತದೆ. ಅದು ನಿಂತರೆ ಯಂತ್ರವೂ ನಿಲ್ಲುತ್ತದೆ. ಅದು ತಪ್ಪಿದರೆ ಯಂತ್ರದ ಲೆಕ್ಕವೂ ತಪ್ಪುತ್ತದೆ. ಇಷ್ಟೊಂದು ನಂಬಿಕೆಗೆ ಈ ಕಲ್ಲು ಪಾತ್ರವಾದುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ.

ಶ್ರುತಿ ಏಕೆ ಬೇಕು?

ಸಂಗೀತ ಕಛೇರಿಗಳಿಗೆ ಹೆಸರಾದ ಈ ನಗರದಲ್ಲಿ ಶ್ರುತಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಗಾಯಕರು, ಪಿಟೀಲುವಾದಕರು, ಮೃದಂಗವಾದಕರು ತಮ್ಮತಮ್ಮ ವಿದ್ಯೆಯಲ್ಲಿ ಎಷ್ಟೇ ನಿಪುಣರಾಗಿದ್ದರೂ ಒಂದೇ ತಂಬೂರಿಯ ನಾದಕ್ಕೆ ಹೊಂದಿಕೊಳ್ಳದಿದ್ದರೆ ಕಛೇರಿ ಕೆಡುತ್ತದೆ. ರೇಡಿಯೊ ಪ್ರಸಾರದ ಸ್ಥಿತಿಯೂ ಹೀಗೆಯೇ. ಪ್ರತಿಯೊಂದು ಕೇಂದ್ರವೂ ತನಗೆ ಗೊತ್ತುಪಡಿಸಿದ ಆವರ್ತಾಂಕದಲ್ಲಿ, ಎಂದರೆ ಸೆಕೆಂಡಿಗೆ ಇಷ್ಟೇ ಕಂಪನಗಳಲ್ಲಿ, ತನ್ನ ತರಂಗಗಳನ್ನು ಹೊರಡಿಸಬೇಕು.

ನಮ್ಮ ದೇಶದಲ್ಲಿ ಮಧ್ಯಮ ತರಂಗದ ಕೇಂದ್ರಗಳಿಗೆ 9 ಕಿಲೋಹರ್ಟ್ಜ್ ಅಂತರದಲ್ಲಿ ಸ್ಥಾನಗಳನ್ನು ಹಂಚಲಾಗಿದೆ. ಆಕಾಶವಾಣಿಯ ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಜ್, ಧಾರವಾಡದ 765, ಚೆನ್ನೈನ 720 - ಇವೆಲ್ಲವೂ ಒಂಬತ್ತರ ಗುಣಕಗಳೇ. ಮದರಾಸಿನಲ್ಲಿ ನೆಲಸಿದ ಕನ್ನಡಿಗರು ರಾತ್ರಿಯ ಹೊತ್ತು ಬೆಂಗಳೂರಿನ ವಾರ್ತೆಯನ್ನು ಕೇಳಲು ಮುಳ್ಳು ತಿರುಗಿಸುತ್ತಿದ್ದ ದಿನಗಳನ್ನು ಹಿರಿಯರು ನೆನೆಯಬಹುದು. ಹಾಗೆ ಕೇಳುವಾಗ ದೂರದ ಮತ್ತೊಂದು ಕೇಂದ್ರವೂ ಅದೇ ಸ್ಥಾನದಲ್ಲಿ ಪ್ರಸಾರ ಮಾಡುತ್ತಿದ್ದು, ಅದರ ಆವರ್ತಾಂಕ ಸಾವಿರದಲ್ಲಿ ಒಂದು ಪಾಲು ಮಾತ್ರ ಜಾರಿದೆಯೆಂದು ಭಾವಿಸೋಣ. ಆಗ ಎರಡು ತರಂಗಗಳ ನಡುವೆ ಸೆಕೆಂಡಿಗೆ 612 ಕಂಪನಗಳ ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸವೇ ಕಿವಿಗೆ ನಿರಂತರವಾದ ಸಿಳ್ಳೆಯಾಗಿ ಕೇಳಿಸಿ, ವಾರ್ತೆಯನ್ನು ನುಂಗಿಹಾಕುತ್ತದೆ. ಜಾರುವಿಕೆ ಲಕ್ಷಕ್ಕೆ ಒಂದು ಪಾಲಿಗೆ ಇಳಿದರೆ ವ್ಯತ್ಯಾಸ ಆರು ಕಂಪನಗಳಷ್ಟಾಗುತ್ತದೆ. ಅದನ್ನು ನಾದವಾಗಿ ಗ್ರಹಿಸುವ ಶಕ್ತಿ ಮನುಷ್ಯನ ಕಿವಿಗಿಲ್ಲ.

ರೇಡಿಯೊದ ಆರಂಭದ ದಿನಗಳಲ್ಲಿ ಇದ್ದ ಸಾಧನಗಳು ತಂತಿಯ ಸುರುಳಿ ಮತ್ತು ಸಂಧಾರಕಗಳಿಂದ ಕೂಡಿದ ತರಂಗಮಾಪಕಗಳು. ಬಿಸಿಲೇರಿದರೆ, ತೇವ ಹೆಚ್ಚಿದರೆ, ಯಾರಾದರೂ ಕೈ ತಾಗಿಸಿದರೆ ಅವುಗಳ ಅಳತೆ ವ್ಯತ್ಯಾಸವಾಗುತ್ತಿತ್ತು. ಒಂದು ದೇಶದ ಪ್ರಯೋಗಾಲಯ ಹೇಳುವ ಅಂಕಿಗೂ ಮತ್ತೊಂದು ದೇಶದ ಪ್ರಯೋಗಾಲಯ ಹೇಳುವ ಅಂಕಿಗೂ ಹೊಂದಿಕೆಯಾಗುತ್ತಿದೆಯೇ ಎಂದು ಪರೀಕ್ಷಿಸುವ ಸುಲಭ ಉಪಾಯವೂ ಇರಲಿಲ್ಲ. ಮದರಾಸಿನಲ್ಲಿ 1924ರಲ್ಲಿ ಮದರಾಸು ಪ್ರಾಂತ್ಯದ ರೇಡಿಯೊ ಕ್ಲಬ್ಬು ಪ್ರಸಾರವನ್ನು ಆರಂಭಿಸಿದಾಗಲೂ, ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಹೊರಡಿಸಿದಾಗಲೂ ಆಕಾಶದಲ್ಲಿ ಕೇಂದ್ರಗಳು ವಿರಳವಾಗಿದ್ದವು. ಆದರೆ ಅಮೆರಿಕದಲ್ಲಿ ಕೇಂದ್ರಗಳ ದಟ್ಟಣೆ ಅದಾಗಲೇ ತೊಡಕಾಗಿ ಪರಿಣಮಿಸಿತ್ತು. 1927ರಲ್ಲಿ ಅಲ್ಲಿನ ಸರ್ಕಾರವು ಪ್ರತಿ ಕೇಂದ್ರವೂ ತನ್ನ ಸ್ಥಾನದಿಂದ 500 ಆವರ್ತಗಳಿಗಿಂತ ಹೆಚ್ಚು ಜಾರಕೂಡದೆಂದು ವಿಧಿಸಿತು. 1932ರ ವೇಳೆಗೆ ಈ ಮಿತಿಯನ್ನು 50 ಆವರ್ತಗಳಿಗೆ ಇಳಿಸಲಾಯಿತು. ಐದೇ ವರ್ಷಗಳಲ್ಲಿ ಹತ್ತುಪಟ್ಟು ಕಟ್ಟುನಿಟ್ಟು ಸಾಧ್ಯವಾದುದು ಕ್ವಾರ್ಟ್ಸ್ ಬಿಲ್ಲೆಯಿಂದಲೇ.

ಒತ್ತಿದರೆ ವಿದ್ಯುತ್ತು, ವಿದ್ಯುತ್ತಿಗೆ ಕಂಪನ

1880ರಲ್ಲಿ ಫ್ರಾನ್ಸಿನ ಸೋದರರಾದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಅವರು ಕ್ವಾರ್ಟ್ಸ್ ಮುಂತಾದ ಕೆಲವು ಸ್ಫಟಿಕಗಳನ್ನು ನಿರ್ದಿಷ್ಟ ದಿಕ್ಕಿನಲ್ಲಿ ಒತ್ತಿದಾಗ ಅವುಗಳ ಮೈಮೇಲೆ ವಿದ್ಯುದಂಶ ಕಾಣಿಸಿಕೊಳ್ಳುವುದನ್ನು ಕಂಡುಹಿಡಿದರು. ಇದರ ಪ್ರತಿಲೋಮವೂ ಸತ್ಯವೆಂದು, ಎಂದರೆ ವಿದ್ಯುತ್ತನ್ನು ಹಾಯಿಸಿದರೆ ಸ್ಫಟಿಕವು ಅತ್ಯಲ್ಪ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದೆಂದು, ಬೇಗನೆ ದೃಢಪಟ್ಟಿತು. ಇದನ್ನು ಒತ್ತಡವಿದ್ಯುತ್ ಪರಿಣಾಮವೆಂದು ಕರೆಯಬಹುದು. ಸುಮಾರು ನಾಲ್ಕು ದಶಕಗಳ ಕಾಲ ಇದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿದಿತ್ತು.

ಅದನ್ನು ಹೊರತಂದುದು ಮೊದಲನೆಯ ಮಹಾಯುದ್ಧ. ನೀರಿನಡಿಯ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಫ್ರಾನ್ಸಿನ ಪಾಲ್ ಲ್ಯಾಂಜೆವಿನ್ 1917ರಲ್ಲಿ ಕ್ವಾರ್ಟ್ಸ್ ಸ್ಫಟಿಕದಿಂದ ಶ್ರವಣಾತೀತ ಧ್ವನಿಯನ್ನು ಹೊರಡಿಸಿ, ಮರುದನಿಯನ್ನು ಆಲಿಸುವ ವಿಧಾನವನ್ನು ರೂಪಿಸಿದರು. ಪೆರುಂಗುಡಿಗೆ ಹೊಂದಿಕೊಂಡಿರುವ ಪಳ್ಳಿಕರಣೆಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇದೆ. 1993ರಲ್ಲಿ ಸ್ಥಾಪಿತವಾದ ಇಂತಹ ಸಂಸ್ಥೆಗಳು ಸಮುದ್ರದ ಆಳವನ್ನು ಧ್ವನಿಯಿಂದ ಅರಿಯುವ ವಿದ್ಯೆಯ ಮೂಲವೂ ಇಲ್ಲಿಯೇ ಇದೆ.

ಯುದ್ಧಕಾಲದ ಇದೇ ಸಂಶೋಧನೆಯಲ್ಲಿ ಪಾಲ್ಗೊಂಡವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಾಲ್ಟರ್ ಕೇಡಿ. ಯುದ್ಧ ಮುಗಿದ ಮೇಲೂ ಅವರು ಸ್ಫಟಿಕಗಳನ್ನು ಕೈಬಿಡಲಿಲ್ಲ. ಸ್ಫಟಿಕದ ತುಂಡೊಂದಕ್ಕೆ ಬೇರೆ ಬೇರೆ ಆವರ್ತಾಂಕದ ವಿದ್ಯುತ್ತನ್ನು ಹಾಯಿಸುತ್ತಾ ಹೋದಾಗ ಒಂದು ನಿರ್ದಿಷ್ಟ ಆವರ್ತಾಂಕದಲ್ಲಿ ಮಾತ್ರ ಅದು ಥಟ್ಟನೆ ಬಲವಾಗಿ ಕಂಪಿಸಿ, ಮಂಡಲದ ಪ್ರವಾಹವನ್ನು ಏರುಪೇರು ಮಾಡುವುದನ್ನು ಅವರು ಗಮನಿಸಿದರು. ಆ ಬಿಂದುವಿನಿಂದ ತುಸುವೇ ಅತ್ತಿತ್ತ ಸರಿದರೂ ಸ್ಫಟಿಕ ಸ್ತಬ್ಧವಾಗುತ್ತಿತ್ತು. ಉಯ್ಯಾಲೆಯನ್ನು ಅದರ ಓಟಕ್ಕೆ ಸರಿಯಾಗಿ ತಳ್ಳಿದರೆ ಅದು ಎತ್ತರಕ್ಕೆ ಏರುವಂತೆಯೇ ಇದೂ. ಇದನ್ನೇ ಅನುರಣನವೆನ್ನುವುದು. 1921ರಲ್ಲಿ ಕೇಡಿಯವರು ಕ್ವಾರ್ಟ್ಸ್ ಬಿಲ್ಲೆಯೊಂದು ನಿರ್ವಾತ ಕವಾಟದ ಮಂಡಲವನ್ನು ತನ್ನ ಲಯಕ್ಕೆ ಕಟ್ಟಿಹಾಕುವಂತೆ ಮಾಡಿ, ಮೊದಲ ಕ್ವಾರ್ಟ್ಸ್ ಆಂದೋಲಕವನ್ನು ಸಿದ್ಧಪಡಿಸಿದರು. ಎರಡು ವರ್ಷಗಳ ತರುವಾಯ ಹಾರ್ವರ್ಡ್‌ನ ಜಿ.ಡಬ್ಲ್ಯು. ಪಿಯರ್ಸ್ ಒಂದೇ ಕವಾಟದಿಂದ ನಡೆಯುವ ಸರಳ ಮಂಡಲವನ್ನು ರಚಿಸಿದರು.

ಕೈಚೀಲದಲ್ಲಿ ಸಾಗಿದ ಮಾನಕ

1923ರಲ್ಲಿ ಕೇಡಿಯವರು ಕೈಗೊಂಡ ಪ್ರವಾಸ ಈ ಇತಿಹಾಸದ ಮಹತ್ವದ ಘಟ್ಟ. ತಾವು ಸಿದ್ಧಪಡಿಸಿದ ಕ್ವಾರ್ಟ್ಸ್ ಅನುರಣಕಗಳನ್ನು ತಮ್ಮೊಡನೆ ಒಯ್ದು, ಅವರು ಇಟಲಿ, ಫ್ರಾನ್ಸ್ ಮತ್ತು ಇಂಗ್ಲೆಂಡುಗಳ ಪ್ರಯೋಗಾಲಯಗಳಿಗೆ ಭೇಟಿಯಿತ್ತರು. ಪ್ರತಿಯೊಂದು ಕಡೆಯೂ ಅದೇ ಬಿಲ್ಲೆಯ ಆವರ್ತಾಂಕವನ್ನು ಅಲ್ಲಿನ ಮಾನಕದಿಂದ ಅಳೆಯಿಸಿದರು. ಕಲ್ಲು ಒಂದೇ ಆಗಿರುವುದರಿಂದ ಎರಡು ದೇಶಗಳ ಅಂಕಿಗಳಲ್ಲಿ ವ್ಯತ್ಯಾಸ ಕಂಡುಬಂದರೆ ಅದು ಕಲ್ಲಿನದಲ್ಲ, ಅಳತೆಗಳದು. ರೇಡಿಯೊ ಆವರ್ತಾಂಕದ ರಾಷ್ಟ್ರೀಯ ಮಾನಕಗಳನ್ನು ಪರಸ್ಪರ ಹೋಲಿಸುವ ಕಾರ್ಯ ಹೀಗೆ ಒಂದು ಕೈಚೀಲದಿಂದ ನೆರವೇರಿತು. ಸಂತೆಯಲ್ಲಿ ಎರಡು ತಕ್ಕಡಿಗಳ ಮೇಲೆ ಅನುಮಾನ ಬಂದಾಗ ಒಂದೇ ತೂಕದ ಕಲ್ಲನ್ನು ಎರಡರಲ್ಲಿಯೂ ಇಟ್ಟು ನೋಡುವ ಗ್ರಾಹಕನ ವಿವೇಕವೇ ಇಲ್ಲಿಯೂ ಕೆಲಸಮಾಡಿದೆ.

ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆಯ ಗೀಬೆ ಮತ್ತು ಷೈಬೆ ಅವರು ಇದೇ ಉದ್ದೇಶಕ್ಕೆ ಇನ್ನೂ ಸುಲಭವಾದ ಸಾಧನವನ್ನು ಕಲ್ಪಿಸಿದರು. ಕಡಿಮೆ ಒತ್ತಡದ ಅನಿಲ ತುಂಬಿದ ಗಾಜಿನ ಬುರುಡೆಯಲ್ಲಿ ಕ್ವಾರ್ಟ್ಸ್ ಸರಳನ್ನು ಇರಿಸಿದರೆ, ತಕ್ಕ ಆವರ್ತಾಂಕ ದೊರೆತ ಕ್ಷಣದಲ್ಲಿ ಸರಳಿನ ಮೈಮೇಲೆ ಹುಟ್ಟುವ ವಿದ್ಯುತ್ತಿನಿಂದ ಸುತ್ತಲಿನ ಅನಿಲವು ಬೆಳಗುತ್ತಿತ್ತು. ಬೆಳಕು ಕಂಡರೆ ಶ್ರುತಿ ಸೇರಿತೆಂದು ಅರ್ಥ.

ಬಿಲ್ಲೆಯ ದಪ್ಪ, ಕೊಯ್ತದ ಕೋನ

ಬೇರೆ ಸ್ಫಟಿಕಗಳಿರುವಾಗ ಕ್ವಾರ್ಟ್ಸನ್ನೇ ಆರಿಸಿಕೊಂಡುದು ಏಕೆ? ರಾಷೆಲ್ ಲವಣದ ಸ್ಫಟಿಕವು ಒತ್ತಡಕ್ಕೆ ಕ್ವಾರ್ಟ್ಸ್‌ಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಸ್ಪಂದಿಸುತ್ತದೆ. ಆದರೆ ಅದು ನೀರಿನಲ್ಲಿ ಕರಗುತ್ತದೆ, ಒಂದು ಮಳೆಗಾಲವನ್ನು ತಾಳುವ ಶಕ್ತಿಯೂ ಅದಕ್ಕಿಲ್ಲ. ಕ್ವಾರ್ಟ್ಸ್ ಕಠಿಣವಾದುದು. ನೀರಿಗೂ ಬಹುತೇಕ ಆಮ್ಲಗಳಿಗೂ ಜಗ್ಗದು. ಎಲ್ಲಕ್ಕಿಂತ ಮಿಗಿಲಾಗಿ, ಅದರ ಕಂಪನದಲ್ಲಿ ಶಕ್ತಿಯು ಒಳಗೊಳಗೇ ಸೋರಿಹೋಗುವ ಪ್ರಮಾಣ ಅತ್ಯಲ್ಪ. ಸುರುಳಿ ಮತ್ತು ಸಂಧಾರಕಗಳ ಮಂಡಲದ ಅನುರಣನ ತೀಕ್ಷ್ಣತೆಯನ್ನು ನೂರುಗಳಲ್ಲಿ ಹೇಳಿದರೆ, ಉತ್ತಮ ಕ್ವಾರ್ಟ್ಸ್ ಬಿಲ್ಲೆಯದನ್ನು ಲಕ್ಷಗಳಲ್ಲಿ ಹೇಳಬೇಕಾಗುತ್ತದೆ.

ಬಿಲ್ಲೆ ತೆಳುವಾದಷ್ಟೂ ಅದರ ಆವರ್ತಾಂಕ ಹೆಚ್ಚು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ 'ಎ.ಟಿ.' ಕೊಯ್ತದ ಒಂದು ಮಿಲಿಮೀಟರ್ ದಪ್ಪದ ಬಿಲ್ಲೆ ಸೆಕೆಂಡಿಗೆ ಸುಮಾರು 16.6 ಲಕ್ಷ ಸಲ ಕಂಪಿಸುತ್ತದೆ. ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಆವರ್ತಾಂಕ ಇಮ್ಮಡಿಯಾಗುತ್ತದೆ. ಆದುದರಿಂದ ಆವರ್ತಾಂಕವನ್ನು ಸರಿಪಡಿಸುವುದೆಂದರೆ ಕಲ್ಲನ್ನು ಸಾಣೆ ಹಿಡಿಯುವುದೇ. ಒಮ್ಮೆ ಹೆಚ್ಚು ಸವೆಸಿದರೆ ಹಿಂದಕ್ಕೆ ತರುವುದು ಕಷ್ಟ.

ಆರಂಭದ ಬಿಲ್ಲೆಗಳಿಗೆ ಇದ್ದ ದೊಡ್ಡ ದೋಷ ತಾಪದ್ದು. 'ಎಕ್ಸ್' ಕೊಯ್ತದ ಬಿಲ್ಲೆಯಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಆವರ್ತಾಂಕ ಹತ್ತು ಲಕ್ಷಕ್ಕೆ ಸುಮಾರು ಇಪ್ಪತ್ತು ಪಾಲಿನಷ್ಟು ತಗ್ಗುತ್ತಿತ್ತು. ಮುಂಜಾನೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸವಿರುವ ಊರಿನಲ್ಲಿ ಇದು ಹತ್ತು ಲಕ್ಷಕ್ಕೆ ಇನ್ನೂರು ಪಾಲಾಗುತ್ತದೆ. ಆದ್ದರಿಂದ ಬಿಲ್ಲೆಯನ್ನು ಸ್ಥಿರ ತಾಪದ ಪುಟ್ಟ ಪೆಟ್ಟಿಗೆಯಲ್ಲಿ ಇರಿಸಿ, ಸದಾ ಬೆಚ್ಚಗೆ ಕಾಯಬೇಕಾಗುತ್ತಿತ್ತು. 'ವೈ' ಕೊಯ್ತದ ಬಿಲ್ಲೆಯ ಆವರ್ತಾಂಕ ತಾಪದೊಡನೆ ಏರುತ್ತಿತ್ತು. ಕೋನವನ್ನು ಬದಲಿಸುತ್ತಾ ಹೋದರೆ ಏರಿಕೆ ಇಳಿಕೆಗಳು ಒಂದನ್ನೊಂದು ಕಳೆದುಕೊಳ್ಳುವ ದಿಕ್ಕು ದೊರಕಬೇಕೆಂಬ ತರ್ಕದಿಂದ ಹುಡುಕಿದವರಿಗೆ 1934ರ ವೇಳೆಗೆ ಸುಮಾರು 35 ಡಿಗ್ರಿ 15 ಮಿನಿಟುಗಳ ಕೋನ ಲಭಿಸಿತು. ಅದೇ 'ಎ.ಟಿ.' ಕೊಯ್ತ. ಸಾಮಾನ್ಯ ಹವೆಯಲ್ಲಿ ಅದರ ಮೇಲೆ ತಾಪದ ಪ್ರಭಾವ ನಗಣ್ಯವೆನ್ನುವಷ್ಟು ಕಡಿಮೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರೆಜಿಲ್ ದೇಶದ ಗಣಿಗಳಿಂದ ತಂದ ಸ್ಫಟಿಕಗಳಿಂದ ಸೇನಾ ರೇಡಿಯೊಗಳಿಗಾಗಿ ಕೋಟಿಗಟ್ಟಲೆ ಬಿಲ್ಲೆಗಳು ತಯಾರಾದವು. ಆಗ ಮತ್ತೊಂದು ದೋಷ ಹೊರಬಿತ್ತು. ಕಾರ್ಖಾನೆಯಲ್ಲಿ ಸರಿಯಾಗಿದ್ದ ಬಿಲ್ಲೆಗಳು ಕೆಲವು ತಿಂಗಳುಗಳಲ್ಲಿಯೇ ಶ್ರುತಿ ತಪ್ಪುತ್ತಿದ್ದವು, ಕೆಲವು ಮೂಕವಾಗುತ್ತಿದ್ದವು. ರಣರಂಗದಲ್ಲಿ ರೇಡಿಯೊ ಮೂಕವಾಗುವುದೆಂದರೆ ತುಕಡಿಯೊಂದು ತನ್ನವರಿಂದ ಬೇರ್ಪಟ್ಟಂತೆಯೇ. ಸಾಣೆಯ ಪುಡಿಯಿಂದ ಒರಟಾದ ಮೇಲ್ಮೈಯಿಂದ ಕಣಗಳು ಕಾಲಕ್ರಮದಲ್ಲಿ ಉದುರಿ ಬಿಲ್ಲೆ ಹಗುರವಾಗುತ್ತಿರುವುದೇ ಇದಕ್ಕೆ ಕಾರಣವೆಂದು ತಿಳಿದುಬಂದಿತು. ಕೊನೆಯ ಹಂತದಲ್ಲಿ ಸಾಣೆಗೆ ಬದಲಾಗಿ ರಾಸಾಯನಿಕ ದ್ರಾವಣದಿಂದ ಮೇಲ್ಮೈಯನ್ನು ಕೊರೆದು ತೆಗೆಯುವ ಕ್ರಮವನ್ನು ಅನುಸರಿಸಿದ ಮೇಲೆ ಈ ತೊಂದರೆ ನೀಗಿತು. ನಿಸರ್ಗದ ಗಣಿಯನ್ನೇ ನೆಚ್ಚಿಕೊಂಡಿರುವುದು ಅಪಾಯಕರವೆಂಬ ಅರಿವಿನಿಂದ, ಉಕ್ಕಿನ ದಪ್ಪ ಪಾತ್ರೆಗಳಲ್ಲಿ ಅಧಿಕ ಒತ್ತಡ ಮತ್ತು ತಾಪದಲ್ಲಿ ಕ್ವಾರ್ಟ್ಸನ್ನು ವಾರಗಟ್ಟಲೆ ಬೆಳೆಸುವ ಉದ್ಯಮವೂ ಯುದ್ಧಾನಂತರ ನೆಲೆಗೊಂಡಿತು.

ಬೆಂಗಳೂರಿನ ಕೊಡುಗೆ

ಕಂಪಿಸುವ ಕ್ವಾರ್ಟ್ಸ್ ಬಿಲ್ಲೆಯು ಭೌತವಿಜ್ಞಾನಿಗಳಿಗೂ ಹೊಸ ಉಪಕರಣವಾಯಿತು. ಅದನ್ನು ದ್ರವದಲ್ಲಿ ಮುಳುಗಿಸಿದರೆ ಏಳುವ ಶ್ರವಣಾತೀತ ತರಂಗಗಳ ಮೂಲಕ ಹಾದುಹೋಗುವ ಬೆಳಕು ಅನೇಕ ಎಳೆಗಳಾಗಿ ಸೀಳುವುದನ್ನು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ಗಳಲ್ಲಿ ಗಮನಿಸಲಾಗಿತ್ತು. ಇದಕ್ಕೆ ತೃಪ್ತಿಕರವಾದ ಗಣಿತೀಯ ವಿವರಣೆಯನ್ನು ನೀಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸರ್ ಸಿ.ವಿ. ರಾಮನ್ ಮತ್ತು ಅವರ ಶಿಷ್ಯ ಎನ್.ಎಸ್. ನಾಗೇಂದ್ರನಾಥ್. 1935-36ರಲ್ಲಿ ಪ್ರಕಟವಾದ ಈ ಸಿದ್ಧಾಂತವು ರಾಮನ್-ನಾಥ್ ಸಿದ್ಧಾಂತವೆಂದೇ ವಿಶ್ವವಿಖ್ಯಾತವಾಗಿದೆ. ಕ್ವಾರ್ಟ್ಸ್ ತನ್ನ ರಚನೆಯನ್ನು ಬದಲಿಸುವ 573 ಡಿಗ್ರಿ ಸೆಲ್ಸಿಯಸ್ ತಾಪಕ್ಕೆ ಬಿಲ್ಲೆ ಒಮ್ಮೆ ಏರಿ ಇಳಿದರೆ ಅದರ ಒಳಗಿನ ಜೋಡಣೆ ಕೆಟ್ಟು ನಿರುಪಯುಕ್ತವಾಗಬಹುದು. ಈ ಪರಿವರ್ತನೆಯನ್ನು ಬೆಳಕಿನ ಚದುರುವಿಕೆಯ ಮೂಲಕ ಪರಿಶೀಲಿಸಿ ರಾಮನ್ ಮತ್ತು ಟಿ.ಎಂ.ಕೆ. ನೆಡುಂಗಾಡಿ ಅವರು 1940ರಲ್ಲಿ ಪ್ರಕಟಿಸಿದ ಲೇಖನವನ್ನು ಸ್ಫಟಿಕ ವಿಜ್ಞಾನವು ಇಂದಿಗೂ ಸ್ಮರಿಸುತ್ತದೆ.

1954ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಸಂಪರ್ಕ ಸಾಧನಗಳೊಡನೆ ಕ್ವಾರ್ಟ್ಸ್ ಸ್ಫಟಿಕಗಳನ್ನೂ ತಯಾರಿಸಿ ದೇಶದ ಅಗತ್ಯವನ್ನು ಪೂರೈಸಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿದ ಎಚ್.ಎಂ.ಟಿ. ಸಂಸ್ಥೆಯು ಎಂಬತ್ತರ ದಶಕದ ಆರಂಭದಲ್ಲಿ ಕ್ವಾರ್ಟ್ಸ್ ಗಡಿಯಾರವನ್ನೂ ಹೊರತಂದಿತು. ತಮಿಳುನಾಡಿನ ಗಡಿಯಲ್ಲಿದ್ದು ಕನ್ನಡಿಗರೂ ನೆಲಸಿರುವ ಹೊಸೂರಿನಲ್ಲಿ, ತಮಿಳುನಾಡು ಸರ್ಕಾರದ ಉದ್ಯಮ ಅಭಿವೃದ್ಧಿ ನಿಗಮವೂ ಟಾಟಾ ಸಮೂಹವೂ 1984ರಲ್ಲಿ ಜಂಟಿಯಾಗಿ ಹುಟ್ಟುಹಾಕಿದ ಟೈಟಾನ್ ಸಂಸ್ಥೆಯು ಕ್ವಾರ್ಟ್ಸ್ ಗಡಿಯಾರಗಳನ್ನೇ ನೆಚ್ಚಿ ಬೆಳೆಯಿತು. ಕೀಲಿ ಕೊಡುವ ಗಡಿಯಾರಗಳಿಂದ ಮನೆಮಾತಾಗಿದ್ದ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಬೇಕಾಯಿತು. ಹಾಸನದ ಅಥವಾ ತುಮಕೂರಿನ ಮನೆಯೊಂದರಲ್ಲಿ ತಂದೆಯ ನಿವೃತ್ತಿಯ ನೆನಪಾಗಿ ಉಳಿದಿರುವ ಹಳೆಯ ಗಡಿಯಾರಕ್ಕೂ ಮಗನ ಕೈಯಲ್ಲಿರುವ ಗಡಿಯಾರಕ್ಕೂ ಇರುವ ಅಂತರದಲ್ಲಿ ಈ ಪುಟ್ಟ ಕಲ್ಲಿನ ಪಾತ್ರವೂ ಇದೆ.

ಗಡಿಯಾರದ ಕ್ವಾರ್ಟ್ಸ್ ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಬಂದರೆ ಒಂದು ಉಳಿಯುತ್ತದೆ. ಆ ಒಂದು ಮಿಡಿತವೇ ಮುಳ್ಳನ್ನು ಸೆಕೆಂಡಿಗೊಮ್ಮೆ ಮುಂದೆ ಸರಿಸುತ್ತದೆ.

ಭೂಮಿಯ ತಪ್ಪನ್ನು ಹಿಡಿದ ಕಲ್ಲು

ಚೆನ್ನೈ ನಗರಕ್ಕೂ ಕಾಲಗಣನೆಗೂ ಹಳೆಯ ನಂಟಿದೆ. 1792ರಲ್ಲಿ ನುಂಗಂಬಾಕ್ಕಂನಲ್ಲಿ ನಿರ್ಮಾಣವಾದ ಮದರಾಸು ವೀಕ್ಷಣಾಲಯದಲ್ಲಿ ನಕ್ಷತ್ರಗಳನ್ನು ನೋಡಿ ಲೋಲಕ ಗಡಿಯಾರಗಳನ್ನು ತಿದ್ದಲಾಗುತ್ತಿತ್ತು. ಗ್ರೀನಿಚ್‌ಗಿಂತ 5 ಗಂಟೆ 21 ಮಿನಿಟು 14 ಸೆಕೆಂಡು ಮುಂದಿದ್ದ ಮದರಾಸು ಕಾಲವನ್ನು ದೇಶದ ರೈಲುಗಳು ದಶಕಗಳ ಕಾಲ ಅನುಸರಿಸಿದವು. 1906ರಲ್ಲಿ ಭಾರತೀಯ ಶಿಷ್ಟ ಕಾಲವು ಜಾರಿಗೆ ಬಂದಿತು. ಆ ವೀಕ್ಷಣಾಲಯದ ಪರಂಪರೆ ಕೊಡೈಕೆನಾಲಿಗೂ, ತರುವಾಯ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೂ ಹರಿದುಬಂದಿದೆ.

ಆ ದಿನಗಳಲ್ಲಿ ಗಡಿಯಾರಕ್ಕೆ ಗುರು ಭೂಮಿಯೇ ಆಗಿತ್ತು. ಭೂಮಿ ಒಮ್ಮೆ ತಿರುಗಿದರೆ ಒಂದು ದಿನ. ಗಡಿಯಾರ ಭೂಮಿಯೊಡನೆ ಹೊಂದದಿದ್ದರೆ ತಪ್ಪು ಗಡಿಯಾರದ್ದೇ. 1927ರಲ್ಲಿ ಬೆಲ್ ಪ್ರಯೋಗಾಲಯದ ವಾರೆನ್ ಮ್ಯಾರಿಸನ್ ಮತ್ತು ಜೆ.ಡಬ್ಲ್ಯು. ಹಾರ್ಟನ್ ಅವರು ಕ್ವಾರ್ಟ್ಸ್ ಕಂಪನಗಳನ್ನು ಎಣಿಸಿ ನಡೆಯುವ ಮೊದಲ ಗಡಿಯಾರವನ್ನು ರಚಿಸಿದರು. ಬರ್ಲಿನ್ನಿನಲ್ಲಿ ಷೈಬೆ ಮತ್ತು ಅಡೆಲ್ಸ್‌ಬರ್ಗರ್ ಅವರು ಮೂವತ್ತರ ದಶಕದಲ್ಲಿ ಇಂತಹ ಹಲವು ಗಡಿಯಾರಗಳನ್ನು ಒಟ್ಟಿಗೆ ನಡೆಸಿ ಹೋಲಿಸಿದಾಗ ವಿಚಿತ್ರವೊಂದು ಕಂಡಿತು. ಪ್ರತ್ಯೇಕವಾಗಿ ನಡೆಯುವ ಗಡಿಯಾರಗಳು ತಮ್ಮ ತಮ್ಮಲ್ಲಿ ಹೊಂದಿಕೊಂಡಿದ್ದವು. ಆದರೆ ಎಲ್ಲವೂ ಕೂಡಿ ಭೂಮಿಯಿಂದ ವರ್ಷದ ಋತುಗಳಿಗೆ ಅನುಗುಣವಾಗಿ ಅತ್ತಿತ್ತ ಸರಿಯುತ್ತಿದ್ದವು. ಎಲ್ಲ ಗಡಿಯಾರಗಳೂ ಒಂದೇ ಬಗೆಯಾಗಿ, ಒಂದೇ ಕಾಲದಲ್ಲಿ ತಪ್ಪುವುದು ಸಂಭವನೀಯವಲ್ಲ. ತಪ್ಪುತ್ತಿರುವುದು ಭೂಮಿಯ ತಿರುಗುವಿಕೆಯೇ ಎಂಬುದೇ ಉಳಿದ ತೀರ್ಮಾನ. ದಿನದ ಉದ್ದವು ಋತುಮಾನದಿಂದ ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಸಮೀಪದ ಪ್ರಮಾಣದಲ್ಲಿ ಬದಲಾಗುತ್ತದೆಂಬುದು ಹೀಗೆ ದೃಢಪಟ್ಟಿತು.

ಅನಾದಿ ಕಾಲದಿಂದ ಮನುಷ್ಯನು ನೆಚ್ಚಿಕೊಂಡಿದ್ದ ಮಾನಕವೇ ಪರೀಕ್ಷೆಗೆ ಒಳಗಾಯಿತು. ಆದರೆ ಆ ಪೀಠವನ್ನು ಏರಲು ಕ್ವಾರ್ಟ್ಸ್‌ಗೂ ಅರ್ಹತೆಯಿರಲಿಲ್ಲ. ಪ್ರತಿಯೊಂದು ಬಿಲ್ಲೆಯೂ ವಯಸ್ಸಾದಂತೆ ತುಸುತುಸುವೇ ಜಾರುತ್ತದೆ. ಒಂದರಂತೆ ಇನ್ನೊಂದಿರುವುದಿಲ್ಲ. ಇಂಗ್ಲೆಂಡಿನ ಭೌತ ಪ್ರಯೋಗಾಲಯದಲ್ಲಿ ಕ್ವಾರ್ಟ್ಸ್ ಉಂಗುರದ ಅತ್ಯುತ್ತಮ ಮಾನಕವನ್ನು 1938ರಲ್ಲಿ ರೂಪಿಸಿದ ಲೂಯಿ ಎಸ್ಸೆನ್ ಅವರೇ 1955ರಲ್ಲಿ ಜ್ಯಾಕ್ ಪ್ಯಾರಿಯವರೊಡನೆ ಸೀಸಿಯಂ ಪರಮಾಣು ಗಡಿಯಾರವನ್ನು ನಿರ್ಮಿಸಿದುದು ಗಮನಾರ್ಹ. ತಾವು ಸಾಕಿ ಬೆಳೆಸಿದ ಕಲ್ಲಿನ ಮಿತಿಯನ್ನು ಅವರಷ್ಟು ಚೆನ್ನಾಗಿ ಅರಿತವರು ವಿರಳ. 1967ರಲ್ಲಿ ಸೀಸಿಯಂ ಪರಮಾಣುವಿನ 9,192,631,770 ಆವರ್ತಗಳ ಅವಧಿಯೇ ಒಂದು ಸೆಕೆಂಡು ಎಂದು ಅಂತರರಾಷ್ಟ್ರೀಯವಾಗಿ ನಿಗದಿಯಾಯಿತು.

ದೇಶದ ಕಾಲ, ದೇಶದ ಕೈಯಲ್ಲಿ

ಭಾರತದ ಕಾಲಮಾನವನ್ನು ಕಾಯುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. 1959ರಲ್ಲಿ 'ಎ.ಟಿ.ಎ.' ಎಂಬ ಕರೆಗುರುತಿನಿಂದ ಆರಂಭವಾದ ಅದರ ಹ್ರಸ್ವ ತರಂಗ ಪ್ರಸಾರವು ಹಡಗುಗಳಿಗೂ ಸಂಶೋಧಕರಿಗೂ ಕಾಲ ಮತ್ತು ಆವರ್ತಾಂಕಗಳ ಸಂಕೇತವನ್ನು ದಶಕಗಳ ಕಾಲ ನೀಡಿತು. ಇಂದು ಅಲ್ಲಿನ ಪರಮಾಣು ಗಡಿಯಾರಗಳು ಭಾರತೀಯ ಶಿಷ್ಟ ಕಾಲವನ್ನು ಕಾಯುತ್ತಿವೆ. ಈ ಕಾಲವನ್ನು ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರೀದಾಬಾದ್ ಮತ್ತು ಗುವಾಹಟಿಗಳ ಪ್ರಾದೇಶಿಕ ಮಾನಕ ಪ್ರಯೋಗಾಲಯಗಳ ಮೂಲಕ ಬ್ಯಾಂಕು, ದೂರಸಂಪರ್ಕ, ವಿದ್ಯುಜ್ಜಾಲಗಳಿಗೆ ತಲುಪಿಸುವ ಯೋಜನೆಯನ್ನು ಕೇಂದ್ರ ಸರ್ಕಾರ ಕೈಗೊಂಡಿದೆ.

ಈ ಕಾರ್ಯ ಏಕೆ ಅಗತ್ಯವೆಂಬುದನ್ನು ಒಂದು ಅನುಭವ ಮನಗಾಣಿಸಿತು. ನಮ್ಮ ಪಥದರ್ಶಕ ವ್ಯವಸ್ಥೆಯ ಮೊದಲ ಉಪಗ್ರಹವು 2013ರಲ್ಲಿ ಕಕ್ಷೆ ಸೇರಿತು. ಅದರಲ್ಲಿದ್ದ, ವಿದೇಶದಿಂದ ತರಿಸಿದ ಮೂರು ಪರಮಾಣು ಗಡಿಯಾರಗಳೂ 2016ರಲ್ಲಿ ಕೆಟ್ಟವು. ಉಪಗ್ರಹ ಆಕಾಶದಲ್ಲಿಯೇ ಇದ್ದರೂ ಕಾಲವನ್ನು ಹೇಳಲಾರದ ಕಾರಣ ಸ್ಥಾನವನ್ನೂ ಹೇಳಲಾರದಾಯಿತು. 2023ರ ಮೇ 29ರಂದು ಉಡಾವಣೆಗೊಂಡ ಎನ್.ವಿ.ಎಸ್.-01 ಉಪಗ್ರಹದಲ್ಲಿ ಸ್ವದೇಶೀ ರುಬಿಡಿಯಂ ಗಡಿಯಾರವನ್ನು ಅಳವಡಿಸಲಾಯಿತು.

ಹಾಗಾದರೆ ಬೆಣಚುಕಲ್ಲಿನ ಕಾಲ ಮುಗಿಯಿತೆ? ಇಲ್ಲ. ಪರಮಾಣು ಗಡಿಯಾರದ ಒಳಗೂ ಕಂಪಿಸುತ್ತಿರುವುದು ಕ್ವಾರ್ಟ್ಸ್ ಆಂದೋಲಕವೇ. ಪರಮಾಣು ಅದರ ತಪ್ಪನ್ನು ಆಗಾಗ್ಗೆ ತೋರಿಸಿ ತಿದ್ದುತ್ತದೆ. ಹಾಡುವವನು ಕ್ವಾರ್ಟ್ಸ್, ಶ್ರುತಿ ಹಿಡಿಯುವವನು ಪರಮಾಣು. ಕೇಡಿಯವರ ಕೈಚೀಲದಿಂದ ಉಪಗ್ರಹದವರೆಗೆ ಸಾಗಿಬಂದ ಈ ವಿದ್ಯೆಯಿಂದ ಕಲಿಯಬೇಕಾದುದು ಇಷ್ಟೆ: ಯಾವ ಮಾನಕವೂ ಪ್ರಶ್ನಾತೀತವಲ್ಲ. ತನ್ನನ್ನು ಇತರ ಮಾನಕಗಳೊಡನೆ ಒರೆಗೆ ಹಚ್ಚಿಕೊಳ್ಳಲು ಒಪ್ಪಿದುದೇ ನಂಬಿಕೆಗೆ ಅರ್ಹ. ಹೊಲದ ಬದುವಿನಲ್ಲಿ ಬಿದ್ದಿರುವ ಬಿಳಿಯ ಕಲ್ಲನ್ನು ಮುಂದೊಮ್ಮೆ ಮಕ್ಕಳು ಉಜ್ಜಿ ಮಿಂಚು ಕಂಡಾಗ, ಹಿರಿಯರು ಈ ಕಥೆಯನ್ನೂ ಅವರಿಗೆ ಹೇಳಿದರೆ ಈ ಉಪನ್ಯಾಸ ಸಾರ್ಥಕವಾದಂತೆ.